ಆರು ಅಂಕಿ ಇಟ್ಟ ಮಾತ್ರಕ್ಕೆ ಫೋನ್ ಲಾಕ್ ಗಟ್ಟಿಯಾಗದು

ನಾಲ್ಕು ಅಂಕಿಯ ಪಿನ್‌ನಲ್ಲಿ ಹತ್ತು ಸಾವಿರ ಸಾಧ್ಯತೆಗಳಿವೆ, ಆರು ಅಂಕಿಯದರಲ್ಲಿ ಹತ್ತು ಲಕ್ಷ. ಹಾಗಾದರೆ ಭದ್ರತೆಯೂ ನೂರು ಪಟ್ಟು ಹೆಚ್ಚಬೇಕಲ್ಲ? 2020ರಲ್ಲಿ ಸಂಶೋಧಕ ಫಿಲಿಪ್ ಮಾರ್ಕರ್ಟ್ ಮತ್ತು ಸಂಗಡಿಗರು 1,220 ಜನರು ಫೋನ್‌ಗೆಂದೇ ಆರಿಸಿದ ಪಿನ್‌ಗಳನ್ನು ಜಾಲಾಡಿದಾಗ ಹಾಗೇನೂ ಕಾಣಲಿಲ್ಲ. ಕದ್ದವನಿಗೆ 10, 30 ಅಥವಾ 100 ಊಹೆಗಳಷ್ಟೇ ಸಿಗುವಾಗ ಆರು ಅಂಕಿಯಿಂದ ಲಾಭ ಅತ್ಯಲ್ಪ. ಕೆಲವು ಸಂದರ್ಭದಲ್ಲಿ ನಷ್ಟವೇ.

ಊಹಿಸುವವನು 000000ದಿಂದ ಒಂದೊಂದಾಗಿ ಎಣಿಸುತ್ತ ಹೋಗುವುದಿಲ್ಲ. ಜನ ಹೆಚ್ಚಾಗಿ ಇಡುವುದನ್ನೇ ಮೊದಲು ಒತ್ತಿ ನೋಡುತ್ತಾನೆ. ಆರು ಅಂಕಿ ಕೇಳಿದೊಡನೆ ಬಹಳಷ್ಟು ಮಂದಿ 123456, 111111 ಇಲ್ಲವೇ 123123ಕ್ಕೆ ಬಂದು ನಿಲ್ಲುತ್ತಾರೆ. ಕೀಲಿಗಳ ಜೋಡಣೆಯೂ ದಾರಿ ತೋರಿಸಿಬಿಡುತ್ತದೆ: 2580 ಎಂದರೆ ನಡುಗಂಬದ ನೇರ ಇಳಿಕೆ, 147258 ಎಂದರೆ ಮೊದಲ ಎರಡು ಕಂಬಗಳು. ಇನ್ನು ದಿನಾಂಕಗಳು. ನೂರು ವರ್ಷದ ಎಲ್ಲ ದಿನಗಳನ್ನು ಸೇರಿಸಿದರೂ 36,525 ದಾಟುವುದಿಲ್ಲ. ಫೋನ್ ಜತೆ ಗುರುತಿನ ಚೀಟಿಯೂ ಹೋಗಿದ್ದರೆ ಹುಟ್ಟಿದ ದಿನಕ್ಕೆ ಒಂದೇ ಊಹೆ ಸಾಕು.

ಆದರೂ ಆರು ಅಂಕಿಯನ್ನೇ ಇಡಿ ಎನ್ನುತ್ತೇನೆ. ಕಾರಣ ಮಾತ್ರ ಬೇರೆ. ಪಕ್ಕದಲ್ಲಿ ನಿಂತು ಇಣುಕುವವನಿಗೆ ಅದು ಕಷ್ಟ. ಆಡಮ್ ಅವಿವ್ ಮತ್ತು ಸಹೋದ್ಯೋಗಿಗಳ 2017ರ ಅಧ್ಯಯನದಲ್ಲಿ, ಒಮ್ಮೆ ನೋಡಿ ಆರು ಅಂಕಿಯ ಪಿನ್ ಹಿಡಿಯುವ ಯತ್ನಗಳಲ್ಲಿ ಫಲಿಸಿದ್ದು ಶೇ 10.8. ಆರು ಚುಕ್ಕಿಯ ಪ್ಯಾಟರ್ನ್ ಆದರೆ ಶೇ 64.2! ಪ್ಯಾಟರ್ನ್ ಬಿಡಲು ಮನಸ್ಸಿಲ್ಲದವರು ಎಳೆಯುವಾಗ ಗೆರೆ ಕಾಣಿಸುವ ಆಯ್ಕೆಯನ್ನಾದರೂ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಲಿ. ಗೆರೆ ಇಲ್ಲದಾಗ ಅದು ಶೇ 35.3ಕ್ಕೆ ಇಳಿಯಿತು.

ನಿಜವಾದ ಕಾವಲು ಇರುವುದು ತಪ್ಪು ಊಹೆಗಳ ನಡುವಿನ ಕಾಯುವಿಕೆಯಲ್ಲಿ. ಐಫೋನ್‌ನಲ್ಲಿ ಒಂದೊಂದು ಯತ್ನದ ಲೆಕ್ಕಾಚಾರಕ್ಕೇ ಸುಮಾರು 80 ಮಿಲಿಸೆಕೆಂಡ್ ಹಿಡಿಯುವಂತೆ ಮಾಡಲಾಗಿದೆ. ಇದಲ್ಲದೆ ತಪ್ಪಿದಾಗ ಫೋನ್ ಹೇರುವ ಕಾಯುವಿಕೆಯನ್ನು ಯಾರಾದರೂ ತಪ್ಪಿಸಿದರೆಂದು ಇಟ್ಟುಕೊಳ್ಳಿ: ನಾಲ್ಕು ಅಂಕಿಯ ಪಿನ್‌ಗಳೆಲ್ಲ ಹದಿಮೂರು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತವೆ, ಆರು ಅಂಕಿಯವು ಸುಮಾರು ಇಪ್ಪತ್ತೆರಡು ಗಂಟೆಯಲ್ಲಿ. ಸಣ್ಣ ಅಕ್ಷರ, ಅಂಕಿ ಬೆರೆಸಿದ ಆರು ಸ್ಥಾನದ ಪಾಸ್‌ವರ್ಡ್‌ಗೆ ಐದೂವರೆ ವರ್ಷ ಬೇಕು. ಹೀಗೆ ಕಾಯುವಿಕೆ ತಪ್ಪಿಸುವ ಸಲಕರಣೆಯುಳ್ಳವರ ಭಯ ಇರುವವರಿಗೆ ಪಿನ್ ಸಾಲದು.

ಉಳಿದವರು ಪಿನ್ ಅನ್ನು ತಲೆಯಿಂದ ಆರಿಸಬಾರದು, ಅಷ್ಟೇ. 0ಯಿಂದ 9ರವರೆಗೆ ಹತ್ತು ಚೀಟಿ ಬರೆದು, ಒಂದನ್ನು ಎತ್ತಿ, ಅಂಕಿ ಗುರುತಿಸಿಕೊಂಡು, ಚೀಟಿಯನ್ನು ಮತ್ತೆ ಒಳಗೆ ಹಾಕಿ ಕಲಸಿ. ಹೀಗೆ ಆರು ಸಲ. ಚೀಟಿ ವಾಪಸ್ ಹಾಕದಿದ್ದರೆ ಒಂದೇ ಅಂಕಿ ಎರಡು ಸಲ ಬರುವ ಪಿನ್‌ಗಳೆಲ್ಲ ತಪ್ಪಿಹೋಗುತ್ತವೆ. ಬಂದದ್ದು ಇಷ್ಟವಾಗಲಿಲ್ಲವೆಂದು ಮತ್ತೆ ಎತ್ತುತ್ತ ಕೂತರೆ ತಲೆಯಿಂದ ಆರಿಸಿದಂತೆಯೇ ಆಯಿತು. ಮೊದಲ ಎರಡು ದಿನ ಫಿಂಗರ್‌ಪ್ರಿಂಟ್ ಆಫ್ ಮಾಡಿ ಪಿನ್ ಒತ್ತಿಯೇ ಫೋನ್ ತೆರೆಯಿರಿ. ಹೊಸ ಪಿನ್ ಇಟ್ಟ ಮೇಲೆ ಬರೀ ಬೆರಳನ್ನೇ ಬಳಸಿದವರು ಫೋನ್ ರೀಸ್ಟಾರ್ಟ್ ಆದಾಗ ಸಿಕ್ಕಿಬೀಳುತ್ತಾರೆ, ಏಕೆಂದರೆ ಆಗ ಫೋನ್ ಕೇಳುವುದು ಪಿನ್ನನ್ನೇ.

ಇಷ್ಟೆಲ್ಲ ಮಾಡಿಯೂ ಸಿಮ್ ಮರೆಯುವವರೇ ಹೆಚ್ಚು. ಕಳ್ಳ ಅದನ್ನು ಕಿತ್ತು ಬೇರೆ ಫೋನಿಗೆ ಹಾಕಿದರೆ ಒಟಿಪಿಗಳೆಲ್ಲ ಅವನಿಗೇ. ಸಿಮ್ ಲಾಕ್ ಇದ್ದರೆ ಬೇರೆ ಫೋನಿನಲ್ಲೂ ಸಿಮ್‌ನದೇ ಪಿನ್ ಒತ್ತಬೇಕಾಗುತ್ತದೆ. ಅದನ್ನು ಆನ್ ಮಾಡುವಾಗ ಸಿಮ್‌ಗೆ ಈಗಾಗಲೇ ಇರುವ ಪಿನ್ ಕೇಳುತ್ತದೆ. ಮೊಬೈಲ್ ಕಂಪನಿ ಕೊಟ್ಟದ್ದು ಯಾವುದೆಂದು ಮೊದಲೇ ವಿಚಾರಿಸಿಕೊಳ್ಳಿ, ಅಂದಾಜಿಗೆ ಒತ್ತಬೇಡಿ. ಸಾಮಾನ್ಯವಾಗಿ ಮೂರು ಸಲ ತಪ್ಪಿದರೆ ಪಿಯುಕೆ ಎಂಬ, ಸಿಮ್ ಬಿಡಿಸುವ ಕೋಡ್ ಬೇಕಾಗುತ್ತದೆ, ಅದೂ ಹತ್ತು ಸಲ ತಪ್ಪಿದರೆ ಸಿಮ್ಮನ್ನೇ ಬದಲಿಸಬೇಕು.