ನಾಯಿಯ ಮೂಗಿಗೂ ಕೆಲಸ ಬೇಕು

ಕಳೆದ ಮಳೆಗಾಲದಲ್ಲಿ ಎರಡು ವರ್ಷದ ಲ್ಯಾಬ್ರಡಾರ್ ಒಂದನ್ನು ಅದರ ಮನೆಯವರು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ರೋಗವೇನೂ ಇರಲಿಲ್ಲ. ಆದರೆ ಬೆಂಗಳೂರಿನ ಏಳನೆಯ ಮಹಡಿಯ ಆ ಫ್ಲಾಟಿನಲ್ಲಿ ಸೋಫಾದ ಒಂದು ತೋಳು, ಮೂರು ಜೊತೆ ಚಪ್ಪಲಿ, ಟಿ.ವಿ. ರಿಮೋಟು ಎಲ್ಲವೂ ಅದರ ಹಲ್ಲಿಗೆ ಸಿಕ್ಕಿದ್ದವು. "ಡಾಕ್ಟ್ರೇ, ದಿನಾ ಎರಡು ಹೊತ್ತೂ ವಾಕಿಂಗ್ ಮಾಡಿಸ್ತೀವಿ, ಇನ್ನೂ ಎಷ್ಟು ಓಡಿಸಬೇಕು?" ಎಂದು ಮನೆಯಾಕೆ ಕೇಳಿದರು. ನಾವು ಮಾತನಾಡುತ್ತಿದ್ದಷ್ಟು ಹೊತ್ತೂ ಆ ನಾಯಿ ಕೋಣೆಯ ಮೂಲೆಯಲ್ಲಿ, ಸ್ವಲ್ಪ ಮುಂಚೆ ಯಾರೋ ಬೆಕ್ಕಿನ ಬುಟ್ಟಿ ಇಟ್ಟಿದ್ದ ಅಂಗೈಯಗಲದ ಜಾಗವನ್ನು ಮೂಸುತ್ತಲೇ ಇತ್ತು. ಹೊಳ್ಳೆಗಳು ಒಂದೇ ಸಮನೆ ಅದುರುತ್ತಿದ್ದವು, ಬಾಲ ಅಲುಗುತ್ತಿರಲಿಲ್ಲ, ಹೆಸರು ಹಿಡಿದು ಕರೆದರೆ ಕಿವಿ ಮಾತ್ರ ಹೊರಳುತ್ತಿತ್ತು. ಆಕೆಯ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು.

ಆದರೂ ಉತ್ತರ ಹೇಳುವ ಮೊದಲು ಹಳೆಯ ಮೊಬೈಲೊಂದನ್ನು ಕಪಾಟಿನ ಮೇಲಿಟ್ಟು, ಮನೆಯಲ್ಲಿ ಯಾರೂ ಇಲ್ಲದಾಗ ನಾಯಿ ಏನು ಮಾಡುತ್ತದೆಂದು ಚಿತ್ರೀಕರಿಸಿ ತರಲು ಹೇಳಿದೆ. ಕಚ್ಚಿ ಹಾಳುಮಾಡುವ ನಾಯಿಗಳೆಲ್ಲ ಬೇಸರದಿಂದಲೇ ಹಾಗೆ ಮಾಡುವುದಿಲ್ಲ. ಒಂಟಿಯಾಗಿರಲು ಹೆದರುವ ನಾಯಿ ಸಾಮಾನ್ಯವಾಗಿ ಮನೆಯವರು ಹೊರಟ ಮೊದಲ ಅರ್ಧ ಗಂಟೆಯೊಳಗೇ ಊಳಿಡುತ್ತದೆ, ಜೊಲ್ಲು ಸುರಿಸುತ್ತದೆ, ಬಾಗಿಲನ್ನೋ ಕಿಟಕಿಯನ್ನೋ ಪರಚುತ್ತದೆ. ಅದಕ್ಕೆ ಬೇರೆಯದೇ ಚಿಕಿತ್ಸೆ ಬೇಕು, ಕೆಲವೊಮ್ಮೆ ಔಷಧಿಯೂ ಬೇಕಾಗುತ್ತದೆ. ಆರು ತಿಂಗಳೊಳಗಿನ ಮರಿ ಹಲ್ಲು ಬರುವ ನೋವಿಗೆ ಕಚ್ಚುತ್ತದೆ. ಈ ಲ್ಯಾಬ್ರಡಾರ್ ಮಾತ್ರ ಎರಡು ಗಂಟೆ ಹಾಯಾಗಿ ಮಲಗಿ, ಎದ್ದು ಮೈಮುರಿದು, ಮನೆಯೆಲ್ಲ ಒಂದು ಸುತ್ತು ಬಂದು, ಮಾಡಲು ಏನೂ ತೋಚದೆ ಸೋಫಾದ ಹತ್ತಿರ ಹೋಗಿತ್ತು. ಅದಕ್ಕಿದ್ದದ್ದು ಬೇಸರವೇ.

ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 50ರಿಂದ 60 ಲಕ್ಷ ಇದ್ದರೆ, ನಾಯಿಯಲ್ಲಿ ತಳಿಗೆ ತಕ್ಕಂತೆ ಅವು 20ರಿಂದ 30 ಕೋಟಿಯವರೆಗೆ ಇರುತ್ತವೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಒಳಗೆ ಬಂದ ಗಾಳಿ ಅದರ ಮೂಗಿನಲ್ಲಿ ಎರಡಾಗಿ ಒಡೆದು, ಹೆಚ್ಚಿನ ಭಾಗ ಉಸಿರಿಗೆ ಹೋದರೆ, ಉಳಿದದ್ದು ಹಿಂಬದಿಯಲ್ಲಿ ವಾಸನೆಗೆಂದೇ ಇರುವ ಸುರುಳಿಮೂಳೆಗಳ ಗೂಡನ್ನು ಸೇರುತ್ತದೆ; ಹೊರಬಿಡುವ ಉಸಿರು ಹೊಳ್ಳೆಯ ಪಕ್ಕದ ಸೀಳಿನಿಂದ ಹೋಗುವುದರಿಂದ ಮುಂದಿರುವ ವಾಸನೆ ಚದುರುವುದಿಲ್ಲ. ಇಂಥ ಸಲಕರಣೆ ಹೊತ್ತ ಪ್ರಾಣಿಗೆ ದಿನವಿಡೀ ಫಿನಾಯಿಲಿನಿಂದ ಒರೆಸಿದ ಟೈಲ್ಸ್ ನೆಲ, ಹೊತ್ತಿಗೆ ಸರಿಯಾಗಿ ಬಟ್ಟಲಿಗೆ ಬೀಳುವ ಊಟ. ಎರಡೇ ನಿಮಿಷದಲ್ಲಿ ಊಟ ಖಾಲಿ, ಮತ್ತೆ ಕೆಲಸವಿಲ್ಲ.

ವಾಕಿಂಗ್ ಇದೆಯಲ್ಲ ಎನ್ನುತ್ತಾರೆ. ನಾನು ದಿನಾ ನೋಡುವ ವಾಕಿಂಗ್ ಹೇಗಿರುತ್ತದೆಂದರೆ, ಒಡೆಯರ ಒಂದು ಕೈ ಮೊಬೈಲಿನಲ್ಲಿ, ಇನ್ನೊಂದು ಕೈ ಚೈನಿನಲ್ಲಿ. ನಾಯಿ ದೀಪದ ಕಂಬದ ಬುಡಕ್ಕೆ ಮೂಗು ಹಚ್ಚಿದೊಡನೆ ಒಂದು ಜಗ್ಗು. ನಲವತ್ತು ನಿಮಿಷ ಕಾಲು ನಡೆದಿದೆ, ಮೂಗು ನಡೆದಿಲ್ಲ. ಶಾರ್ಲೆಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಸಾಕುನಾಯಿಗಳಿಗೆ ಎರಡು ವಾರ ವಾಸನೆ ಹಿಡಿದು ತಿನಿಸು ಹುಡುಕುವ ಅಭ್ಯಾಸವನ್ನೂ, ಇನ್ನು ಕೆಲವಕ್ಕೆ ಒಡೆಯರ ಪಕ್ಕದಲ್ಲೇ ನಡೆಯುವ ಅಭ್ಯಾಸವನ್ನೂ ಮಾಡಿಸಿದರು. ಬಳಿಕ ತಿನಿಸು ಇದೆಯೋ ಇಲ್ಲವೋ ಎಂದು ಹೇಳಲಾಗದ ಜಾಗದಲ್ಲಿ ಬಟ್ಟಲಿಟ್ಟಾಗ, ಮೂಗಿನ ಕೆಲಸ ಮಾಡಿದ ನಾಯಿಗಳು ಮೊದಲಿಗಿಂತ ಬೇಗನೆ ಅದರ ಬಳಿಗೆ ಹೋದವು. ಸಿಗಬಹುದೆಂಬ ಆಸೆ ಅವುಗಳಲ್ಲಿ ಹೆಚ್ಚಿತ್ತು. ನನ್ನ ಅನುಭವವೂ ಇದಕ್ಕೆ ಹತ್ತಿರವಾಗಿದೆ. ಆದ್ದರಿಂದ ಒಂದು ಹೊತ್ತಿನ ನಡಿಗೆಯನ್ನಾದರೂ ನಾಯಿಯ ಇಷ್ಟಕ್ಕೆ ಬಿಟ್ಟು, ಅದು ನಿಂತಲ್ಲಿ ನಿಲ್ಲಿ ಎನ್ನುತ್ತೇನೆ.

ಮನೆಯೊಳಗಿನ ಕೆಲಸಕ್ಕೆ ದುಬಾರಿ ಆಟಿಕೆಗಳು ಬೇಕಿಲ್ಲ. ಅಂಚು ಸವೆದು ಅಟ್ಟ ಸೇರಿದ ಪಡ್ಡಿನ ಹಂಚು ಇದ್ದರೆ ಅದರ ಗುಳಿಗಳಲ್ಲಿ ಒಂದು ಬಿಟ್ಟು ಒಂದರಂತೆ ನಾಲ್ಕೈದು ಕಾಳು ಒಣ ಆಹಾರ ಹಾಕಿ, ಮೇಲೆ ಟೆನಿಸ್ ಚೆಂಡು ಇಡಿ. ಮೊದಲ ದಿನ ಎರಡು ಗುಳಿಗಳಿಗೆ ಮಾತ್ರ ಚೆಂಡಿರಲಿ, ಉಳಿದವು ತೆರೆದಿರಲಿ. ಆರಂಭದಲ್ಲೇ ಸೋತ ನಾಯಿ ಹಂಚನ್ನು ಮಗುಚಿಹಾಕುತ್ತದೆ ಅಥವಾ ಬೇಡವೆಂದು ಎದ್ದುಹೋಗುತ್ತದೆ. ರಾಗಿ ಮುದ್ದೆಯನ್ನೋ ಮೊಸರನ್ನವನ್ನೋ ತಿನ್ನುವ ನಾಯಿಗೆ ಕಾಳಿನ ಆಟ ಒಗ್ಗದು. ಅದಕ್ಕೆ ಕಾಂಗ್‌ನಂಥ ಟೊಳ್ಳು ರಬ್ಬರಿನ ಆಟಿಕೆಯಲ್ಲಿ ಉಪ್ಪಿಲ್ಲದ, ಒಗ್ಗರಣೆಯಿಲ್ಲದ ಮೊಸರನ್ನ ತುಂಬಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ಅರ್ಧ ಗಂಟೆ ನೆಕ್ಕುತ್ತಾ ಕೂರುತ್ತದೆ. ಹಳೆಯ ಟವೆಲಿನಲ್ಲಿ ಕಾಳು ಸುತ್ತಿ ಕೊಡುವ ಆಟವೂ ಒಳ್ಳೆಯದೇ, ಆದರೆ ಎದುರಿಗೆ ಕೂತು ಆಡಿಸಿ, ಮುಗಿದ ಕೂಡಲೇ ಟವೆಲನ್ನು ಎತ್ತಿಡಿ. ಈ ಎಚ್ಚರಿಕೆಯನ್ನು ಹೇಳಲು ಮರೆತದ್ದಕ್ಕೆ ನಾನೇ ಒಮ್ಮೆ ಒಂದು ಬೀಗಲ್‌ನ ಕರುಳಿನಿಂದ ಗೇಣುದ್ದದ ಬಟ್ಟೆಪಟ್ಟಿಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕಾಯಿತು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಯಾವ ಆಟದಲ್ಲೂ ಸೇರಕೂಡದು.

ಇವೆಲ್ಲ ಊಟದ ಜೊತೆಗೆ ಕೊಡುವ ತಿಂಡಿಯಲ್ಲ, ಊಟವೇ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಬೆಳಗಿನ ಪಾಲನ್ನು ಅಳೆದು, ಅದರಿಂದಲೇ ಆಟಕ್ಕೆ ತೆಗೆಯಬೇಕು. ಲ್ಯಾಬ್ರಡಾರ್‌ಗಳ ವಿಷಯದಲ್ಲಂತೂ ಈ ಲೆಕ್ಕ ತಪ್ಪಬಾರದು: 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು, ಬ್ರಿಟನ್ನಿನ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲುಭಾಗದಲ್ಲಿ ಪಿಒಎಂಸಿ ಎಂಬ ವಂಶವಾಹಿಯ ಒಂದು ತುಣುಕು ಕಾಣೆಯಾಗಿರುವುದನ್ನೂ, ಅಂಥವು ಹೆಚ್ಚು ತೂಗುವುದನ್ನೂ, ತಿನ್ನಲು ಹೆಚ್ಚು ಹಾತೊರೆಯುವುದನ್ನೂ ತೋರಿಸಿಕೊಟ್ಟರು. ಕಣ್ಣರಳಿಸಿ ಬೇಡುವ ಲ್ಯಾಬ್ರಡಾರ್ ಹಸಿದಿದೆಯೆಂದು ನಂಬಬೇಡಿ.

ಎಲ್ಲ ನಾಯಿಗೂ ಒಂದೇ ಆಟ ಹಿಡಿಸುವುದೂ ಇಲ್ಲ. ನಮ್ಮ ಬಾಗಲಕೋಟೆ ಕಡೆಯ ಮುಧೋಳ ನಾಯಿ ಮೊಲದ ಹಿಂದೆ ಓಡಿ ಬೆಳೆದ ತಳಿ. ಅದು ಮೂಗಿಗಿಂತ ಕಣ್ಣನ್ನು ನಂಬುತ್ತದೆ. ಅದಕ್ಕೆ ಉದ್ದನೆಯ ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಬಟ್ಟೆಯ ಗಂಟು ಕಟ್ಟಿ, ಟೆರೇಸಿನ ಗೋಡೆ ಎತ್ತರವಾಗಿದ್ದರೆ ಅಲ್ಲಿ ಹತ್ತು ನಿಮಿಷ ಅಟ್ಟಿಸಿ, ಆಗಾಗ ಹಿಡಿಯಲೂ ಬಿಡಿ. ಎಂದೂ ಕೈಗೆ ಸಿಗದ ಬೇಟೆ ನಾಯಿಯನ್ನು ಕೆರಳಿಸುತ್ತದೆಯೇ ಹೊರತು ತಣಿಸುವುದಿಲ್ಲ. ದಿನಾ ಒಂದು ಗಂಟೆ ಚೆಂಡು ಎಸೆಯುವುದರ ಬಗ್ಗೆ ನನಗಿರುವ ತಕರಾರೂ ಇದೇ. ಆ ಓಟದಿಂದ ನಾಯಿಯ ದಮ್ಮು ಬೆಳೆಯುತ್ತದೆ, ಮರುವಾರ ಅದಕ್ಕೆ ಒಂದೂವರೆ ಗಂಟೆ ಬೇಕಾಗುತ್ತದೆ. ಆಟ ಮುಗಿದ ಮೇಲೆ ಅದು ತಾನಾಗಿ ಮಲಗುತ್ತದೆಯೇ, ಇಲ್ಲ ಏದುಸಿರು ಬಿಡುತ್ತಾ ನಿಮ್ಮ ಕೈಯನ್ನೇ ನೋಡುತ್ತದೆಯೇ ಎಂಬುದನ್ನು ಗಮನಿಸಿ.

ಮೊದಲು ಹೇಳಿದ ಲ್ಯಾಬ್ರಡಾರ್ ಆರು ವಾರ ಬಿಟ್ಟು ಲಸಿಕೆಗೆ ಬಂದಿತ್ತು. ಬೆಳಗಿನ ಊಟ ಹಂಚಿನಲ್ಲಿ, ಮನೆಯವರು ಕೆಲಸಕ್ಕೆ ಹೊರಡುವಾಗ ಒಂದು ಗಟ್ಟಿಗಟ್ಟಿದ ಮೊಸರನ್ನ, ಸಂಜೆ ಕಾಂಪೌಂಡಿನ ಸುತ್ತ ಅದರದೇ ಗತಿಯಲ್ಲಿ ಒಂದು ಸುತ್ತು. ನಡುವೆ ಒಂದು ಚಪ್ಪಲಿ ಹೋಗಿದೆ, ಬೇರೇನೂ ಹೋಗಿಲ್ಲ. ಸೋಫಾಕ್ಕೆ ಹೊಸ ಹೊದಿಕೆ ಹಾಕಿಸಿದಿರಾ ಎಂದು ಕೇಳಿದೆ. "ದೀಪಾವಳಿವರೆಗೆ ನೋಡ್ತೀವಿ, ಡಾಕ್ಟ್ರೇ" ಎಂದರು ಆಕೆ.