ಕೋಳಿಯ ಗಡ್ಡೆ, ಮಂಗನ ಕಾಯಿಲೆ

"ಪಿಸಿಆರ್ ನೆಗೆಟಿವ್ ಅಂತ ಬಂದಿದ್ಯಲ್ಲ ಡಾಕ್ಟ್ರೇ, ಅಂದ್ಮೇಲೆ ಅಪ್ಪಂಗೆ ಮಂಗನ ಕಾಯ್ಲೆ ಅಲ್ಲ ತಾನೆ?"

ತೀರ್ಥಹಳ್ಳಿ ಕಡೆಯ ಹುಡುಗ. ಕೊಟ್ಟಿಗೆಗೆ ಹಾಸಲು ತರಗೆಲೆ ತರಲೆಂದು ಅವನ ಅಪ್ಪ, ಅಮ್ಮ ಇಬ್ಬರೂ ಕಾಡಿಗೆ ಹೋಗುತ್ತಿದ್ದರು. ಅಪ್ಪನ ರಕ್ತ ತೆಗೆದದ್ದು ಜ್ವರ ಬಂದ 14ನೇ ದಿನ. ಅದೇ ಸ್ಯಾಂಪಲ್ಲನ್ನು ಐಜಿಎಂ ಎಲೈಸಾ ಎಂಬ ಇನ್ನೊಂದು ಪರೀಕ್ಷೆಗೆ ಹಾಕಿಸಿದೆ. ಪಾಸಿಟಿವ್ ಬಂತು.

ಪಿಸಿಆರ್ ಸುಳ್ಳು ಹೇಳಿರಲಿಲ್ಲ. ಅದು ಹುಡುಕುವುದು ವೈರಸ್ಸನ್ನೇ. ವೈರಸ್ ರಕ್ತದಲ್ಲಿ ಚೆನ್ನಾಗಿ ಸಿಗುವುದು ಜ್ವರದ ಮೊದಲ ವಾರದಲ್ಲಿ. ದಿನ ಕಳೆದಂತೆ ಅದು ಮರೆಯಾಗಿ, ಅದರ ವಿರುದ್ಧ ದೇಹ ಕಟ್ಟಿದ ಪ್ರತಿಕಾಯ ಉಳಿಯುತ್ತದೆ. ಎಲೈಸಾ ಹಿಡಿಯುವುದು ಆ ಪ್ರತಿಕಾಯವನ್ನು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಈ ವೈರಸ್ಸಿನ ಒಳಗಿರುವ ಆನುವಂಶಿಕ ಬರಹ ನಮ್ಮಲ್ಲಿರುವಂತೆ ಡಿಎನ್‌ಎ ಅಲ್ಲ, ಅದರ ಹತ್ತಿರದ ನೆಂಟ ಆರ್‌ಎನ್‌ಎ. ಪಿಸಿಆರ್ ವೈರಸ್ಸನ್ನು ಹಿಡಿಯುವುದು ಆ ಬರಹದ ತುಣುಕನ್ನು ಮತ್ತೆ ಮತ್ತೆ ನಕಲು ಮಾಡಿ. ಆದರೆ ಅದಕ್ಕೆ ನಕಲು ಮಾಡಲು ಬರುವುದು ಡಿಎನ್‌ಎ ಮಾತ್ರ. ಹಾಗಾಗಿ ಮೊದಲು ಆರ್‌ಎನ್‌ಎಯನ್ನು ಓದಿ ಡಿಎನ್‌ಎಯಾಗಿ ಬರೆಯಬೇಕು. ಬರೆಯುವ ಕಿಣ್ವದ ಹೆಸರು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಆರ್‌ಟಿ-ಪಿಸಿಆರ್‌ನ 'ಆರ್‌ಟಿ' ಇದೇ. ರಿಯಲ್ ಟೈಮ್ ಎಂದು ತಿಳಿದವರು ನಮ್ಮ ವೃತ್ತಿಯಲ್ಲೂ ಇದ್ದಾರೆ.

ಇಂಥ ಕಿಣ್ವ ಇರಲೇಬೇಕು ಎಂದು ಪಟ್ಟು ಹಿಡಿದವರು ಅಮೆರಿಕದ ಹೊವರ್ಡ್ ಟೆಮಿನ್. ಕೋಳಿಗಳಲ್ಲಿ ಗಡ್ಡೆ ಎಬ್ಬಿಸುವ ರೌಸ್ ವೈರಸ್ಸಿನ ಮೇಲೆ ಅವರ ಕೆಲಸ. ಅದರೊಳಗಿರುವುದೂ ಆರ್‌ಎನ್‌ಎಯೇ. ಆದರೆ ಡಿಎನ್‌ಎಯಿಂದ ಆರ್‌ಎನ್‌ಎ ಆಗುವುದನ್ನು ತಡೆಯುವ ಆಕ್ಟಿನೋಮೈಸಿನ್ ಹಾಕಿದರೆ ಈ ವೈರಸ್ ಬೆಳೆಯುವುದು ನಿಲ್ಲುತ್ತಿತ್ತು. ಡಿಎನ್‌ಎಯ ಹಂಗಿಲ್ಲದ ವೈರಸ್ಸಿಗೆ ಇದು ಯಾಕೆ ತಾಗಬೇಕು? ವೈರಸ್ ಜೀವಕೋಶದೊಳಗೆ ಹೊಕ್ಕು ಡಿಎನ್‌ಎ ರೂಪ ತಾಳುತ್ತದೆ ಎಂದು 1964ರಲ್ಲಿ ಟೆಮಿನ್ ಹೇಳಿದರು. ಮಾಹಿತಿ ಡಿಎನ್‌ಎಯಿಂದ ಆರ್‌ಎನ್‌ಎಗೆ ಮಾತ್ರ ಹರಿಯುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ. ಶರಾವತಿ ಜೋಗದ ಗುಂಡಿಯಿಂದ ಮೇಲಕ್ಕೆ ಹತ್ತುತ್ತದೆ ಎಂದಂತಾಯಿತು. ಆರು ವರ್ಷ ಹೆಚ್ಚಿನವರು ನಂಬಲಿಲ್ಲ. ಟೆಮಿನ್ ಅವರ ಆಗಿನ ಪುರಾವೆ ಗಟ್ಟಿಯಾಗಿರಲಿಲ್ಲ ಎಂಬುದೂ ನಿಜ, ಆದರೆ ಅವರು ಬಿಡಲಿಲ್ಲ. 1970ರಲ್ಲಿ ಸತೋಶಿ ಮಿಜುತಾನಿ ಜೊತೆ ವೈರಸ್ಸಿನ ಒಳಗೇ ಆ ಕಿಣ್ವವನ್ನು ತೋರಿಸಿಕೊಟ್ಟರು. ಡೇವಿಡ್ ಬಾಲ್ಟಿಮೋರ್ ಅದೇ ಹೊತ್ತಿಗೆ ಬೇರೆಯಾಗಿ ಕಂಡುಹಿಡಿದಿದ್ದರು. 1975ರಲ್ಲಿ ಇಬ್ಬರಿಗೂ, ರೆನಾಟೊ ಡುಲ್ಬೆಕೊ ಅವರೊಂದಿಗೆ, ನೊಬೆಲ್ ಬಂತು. ಸಿಗರೇಟಿನ ವಿರುದ್ಧ ಸದಾ ಮಾತಾಡುತ್ತಿದ್ದ, ಎಂದೂ ಸೇದದ ಟೆಮಿನ್ 1994ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದಲೇ ತೀರಿಕೊಂಡರು. ಅದನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ.

ಮಂಗನ ಕಾಯಿಲೆಯ ವೈರಸ್ಸಿನಲ್ಲಿ ಈ ಕಿಣ್ವ ಇಲ್ಲ. ಲ್ಯಾಬುಗಳಲ್ಲಿ ಬಳಸುವುದು ಹೆಚ್ಚಾಗಿ ಇಲಿಗಳಿಗೆ ರಕ್ತದ ಕ್ಯಾನ್ಸರ್ ತರುವ ವೈರಸ್ಸಿನ ಕಿಣ್ವವನ್ನು, ಇಲ್ಲವೇ ಅದರ ತಿದ್ದಿದ ರೂಪವನ್ನು. ಒಂದು ವೈರಸ್ಸಿನ ಕೈಯಿಂದ ಇನ್ನೊಂದನ್ನು ಹಿಡಿಸುತ್ತೇವೆ. ಆರ್‌ಎನ್‌ಎ ಒಮ್ಮೆ ಡಿಎನ್‌ಎ ಆದರೆ ಸಾಕು, ಪಿಸಿಆರ್‌ನ ಪ್ರತಿ ಸುತ್ತಿನಲ್ಲೂ ಇಮ್ಮಡಿಯಾಗುತ್ತಾ ಒಂದು ತುಣುಕು 30 ಸುತ್ತುಗಳಲ್ಲಿ 100 ಕೋಟಿ ದಾಟಬಲ್ಲದು.

ಆದರೆ ಆ ಒಂದು ತುಣುಕು ನಮ್ಮ ಮೇಜಿನವರೆಗೆ ಉಳಿದು ಬರಬೇಕು. ಆರ್‌ಎನ್‌ಎ ಬಲು ಸೂಕ್ಷ್ಮ. ಅದನ್ನು ಕತ್ತರಿಸುವ ಕಿಣ್ವಗಳು ನಮ್ಮ ಬೆರಳ ತುದಿಯಲ್ಲೂ ಇವೆ. ಒಮ್ಮೆ ಬಸ್ಸಿನ ಬಾನೆಟ್ ಮೇಲೆ ಕೂತು ಬಂದ ಸ್ಯಾಂಪಲ್ ಕೈಗೆ ಬೆಚ್ಚಗೆ ತಾಗಿತ್ತು. ಅದರಲ್ಲಿ ನೆಗೆಟಿವ್ ಬಂದಿದ್ದರೂ ನಾನು ನಂಬುತ್ತಿರಲಿಲ್ಲ. ಐಸ್ ಪ್ಯಾಕ್ ಇಟ್ಟು, ಫಾರಂನಲ್ಲಿ ಜ್ವರ ಶುರುವಾದ ದಿನಾಂಕ ಬರೆದು ಕಳಿಸಿದರೆ ಯಾವ ಪರೀಕ್ಷೆ ಮಾಡಬೇಕೆಂದು ನಮಗೆ ತಿಳಿಯುತ್ತದೆ.

ಮುಂದಿನ ವಾರ ಆ ಹುಡುಗನ ಫೋನ್ ಬಂತು. "ಅಮ್ಮಂಗೆ ನಿನ್ನೆ ರಾತ್ರಿಯಿಂದ ಜ್ವರ ಡಾಕ್ಟ್ರೇ. ಇವತ್ತೇ ರಕ್ತ ಕೊಡ್ಬೇಕಲ್ವಾ?"

"ಇವತ್ತೇ ಕೊಡಿಸಪ್ಪ," ಅಂದೆ.