ಬಟ್ಟಲಿನ ಮಂತ್ರ, ಪಾದ್ರಿಯ ತಾಯತ: ಸಿರಿಯಾಕ್ ಮಾಂತ್ರಿಕ ಪಠ್ಯಗಳ ಅಧ್ಯಯನ ನಡೆದುಬಂದ ದಾರಿ

ಸಿರಿಯಾಕ್ ಎಂದರೆ ಪಶ್ಚಿಮ ಏಷ್ಯಾದ ಅರಾಮಿಕ್ ಭಾಷೆಯ ಒಂದು ರೂಪ, ಅಲ್ಲಿನ ಕ್ರೈಸ್ತರ ಚರ್ಚಿನ ಭಾಷೆ. ಅದರ ಮಂತ್ರ-ತಂತ್ರದ ಮಾತು ಬಂದರೆ ವಿದ್ವಾಂಸರು ಮುಖ್ಯವಾಗಿ ಎರಡು ವಸ್ತುಗಳನ್ನು ತೋರಿಸುತ್ತಾರೆ. ಒಂದು, ಮೆಸೊಪೊಟೇಮಿಯಾದ (ಬಹುಪಾಲು ಇಂದಿನ ಇರಾಕ್) ಮನೆಗಳ ನೆಲದಡಿ ಬೋರಲಾಗಿ ಹೂತಿದ್ದ, ಒಳಮೈಗೆ ಮಂತ್ರ ಬರೆದ ಮಣ್ಣಿನ ಬಟ್ಟಲು; ಕಾಲ ಸುಮಾರು 5ರಿಂದ 8ನೇ ಶತಮಾನ. ಇನ್ನೊಂದು, ಇಂದಿನ ಇರಾನಿನ ಉರ್ಮಿಯಾ, ಟರ್ಕಿಯ ಹಕ್ಕಾರಿ ಸೀಮೆಯ ಕ್ರೈಸ್ತರ ತಾಯತದ ಕೈಪಿಡಿ, ಅಂದರೆ ತಾಯತಕ್ಕೆ ಬರೆಯುವ ಮಂತ್ರಗಳ ಪುಸ್ತಕ. ಉಳಿದಿರುವ ಪ್ರತಿಗಳಲ್ಲಿ ಹೆಚ್ಚಿನವು 18–19ನೇ ಶತಮಾನದವು. ಬಟ್ಟಲು ಓದುವವರು ಒಂದು ಕಡೆ, ಕೈಪಿಡಿ ಓದುವವರು ಇನ್ನೊಂದು ಕಡೆ. ಗೋಜಲು ಶುರುವಾಗುವುದೇ ಇಲ್ಲಿ.

ನಡುವಿನ ಸಾವಿರ ವರ್ಷಗಳಲ್ಲಿ ಹೆಚ್ಚಾಗಿ ಕೇಳುವುದು ಚರ್ಚಿನ ದನಿ. 4ನೇ ಶತಮಾನದ ಸಂತಕವಿ ಎಫ್ರೇಮ್ ಮಾಂತ್ರಿಕರನ್ನು ಬೈದಿದ್ದ, 7ನೇ ಶತಮಾನದ ಕೊನೆಗೆ ಎಡೆಸ್ಸಾದ ಬಿಷಪ್ ಯಾಕೋಬ್ ಮಾಂತ್ರಿಕರ ವಿರುದ್ಧ ನಿಯಮ ಬರೆದ. 1599ರಲ್ಲಿ ಕೊಚ್ಚಿ ಬಳಿಯ ಉದಯಂಪೇರೂರು ಸಭೆ ಮಲಬಾರಿನ ಕ್ರೈಸ್ತರಿಗೆ ನಿಷೇಧಿಸಿದ ಸಿರಿಯಾಕ್ ಪುಸ್ತಕಗಳ ಪಟ್ಟಿಯಲ್ಲೂ ಮಾಟದ ಪುಸ್ತಕವಿತ್ತು. ಮತ್ತೆ ಮತ್ತೆ ಬೇಡವೆನ್ನಬೇಕಾಯಿತೆಂದರೆ ಬಳಕೆ ನಿಂತಿರಲಿಲ್ಲ ಎಂದೇ ಲೆಕ್ಕ.

ಬಟ್ಟಲುಗಳು ಯುರೋಪಿನ ಓದುಗರ ಕಣ್ಣಿಗೆ ಬಿದ್ದದ್ದು 1853ರಲ್ಲಿ, ಬ್ರಿಟಿಷ್ ಪುರಾತತ್ವಜ್ಞ ಲೇಯಾರ್ಡ್‌ನ ಉತ್ಖನನದ ಪುಸ್ತಕದಿಂದ. 1913ರಲ್ಲಿ ವಿದ್ವಾಂಸ ಜೇಮ್ಸ್ ಮಾಂಟ್ಗೊಮರಿ ಇರಾಕಿನ ಪ್ರಾಚೀನ ನಗರ ನಿಪ್ಪೂರಿನ ಬಟ್ಟಲುಗಳನ್ನು ಅಚ್ಚು ಹಾಕಿಸಿದ. ಸಿರಿಯಾಕ್‌ನವು ಅವುಗಳಲ್ಲಿ ಬೆರಳೆಣಿಕೆಯಷ್ಟು. ನೂರು ವರ್ಷದ ಮೇಲೆ, 2014ರಲ್ಲಿ, ಮಾರ್ಕೊ ಮೊರಿಜ್ಜಿಯ ಸಂಗ್ರಹದಲ್ಲಿ ಅವು 49 ಆದವು. ಓದುವ ಕಷ್ಟ ಸಣ್ಣದಲ್ಲ. ಬರಹ ಸಾಮಾನ್ಯವಾಗಿ ತಳದಿಂದ ಸುರುಳಿಯಾಗಿ ಅಂಚಿನತ್ತ ಹೋಗುತ್ತದೆ. ಅಂಚು ಮುಕ್ಕಾದರೆ ಮಂತ್ರದ ಕೊನೆಯೇ ಹೋಯಿತು. ‘ದ’ ಮತ್ತು ‘ರ’ಗಳಿಗೆ ಚುಕ್ಕಿಯೊಂದೇ ವ್ಯತ್ಯಾಸ, ಶಾಯಿ ಮಾಸಿ ಚುಕ್ಕಿ ಅಳಿದರೆ ದೆವ್ವದ ಹೆಸರು ಬೇರೆಯೇ ಆಗುತ್ತದೆ. ಭಾಷೆ ಸಿರಿಯಾಕ್ ಎಂದಮಾತ್ರಕ್ಕೆ ಮನೆಯವರು ಕ್ರೈಸ್ತರೆಂದೂ ಹೇಳಲಾಗದು. ಯಹೂದಿ ರಬ್ಬಿ ಯೆಹೋಶುವ ಬರ್ ಪೆರಹ್ಯಾನ ಹೆಸರಿನಲ್ಲಿ ಲಿಲಿತ್ ಎಂಬ ಹೆಣ್ಣು ದೆವ್ವಕ್ಕೆ ವಿಚ್ಛೇದನ ಪತ್ರ ಕೊಟ್ಟು ಮನೆಯಿಂದ ಹೊರಗಟ್ಟುವ ಮಂತ್ರ ಸಿರಿಯಾಕ್ ಬಟ್ಟಲಲ್ಲೂ ಇದೆ.

ಕೈಪಿಡಿಗಳದ್ದು ಇನ್ನೂ ರಸವತ್ತಾದ ಕಥೆ. ವಿದ್ವಾಂಸ ಹರ್ಮನ್ ಗೊಲ್ಲಾಂಜ್ 1912ರಲ್ಲಿ ಪ್ರಕಟಿಸಿದ ಹಸ್ತಪ್ರತಿಗಳಲ್ಲಿ ಒಂದು 1803ರದು. ತಲೆನೋವಿಗೆ, ಕೆಟ್ಟ ದೃಷ್ಟಿಗೆ, ಅಳುವ ಮಗುವಿಗೆ, ಹಾಲು ಕೊಡದ ಹಸುವಿಗೆ, ನಾಯಿ-ತೋಳಗಳ ಬಾಯಿ ಕಟ್ಟಲು ಒಂದೊಂದು ಮಂತ್ರ. ಬಂದೂಕು ಕಟ್ಟುವ ಮಂತ್ರವೂ ಉಂಟು. ಎಂದಮೇಲೆ ಇದು ಪುರಾತನ ಪಠ್ಯದ ಬರಿಯ ನಕಲಲ್ಲ, ಕಾಲಕ್ಕೆ ತಕ್ಕಂತೆ ಬೆಳೆದದ್ದು. ವಿಧಾನ ಸರಳ: ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ) ಹೆಸರು, ಸಂತನೊಬ್ಬನ ಪ್ರಾರ್ಥನೆ, ಕಟ್ಟಬೇಕಾದ ಪೀಡೆ, ಕೊನೆಗೆ ಇಂಥವಳ ಮಗ ಇಂಥವನು ಎಂಬ ಖಾಲಿ ಜಾಗ. ತಾಯತ ಬರೆಯುವಾಗ ಅಲ್ಲಿ ಗಿರಾಕಿಯ ಹೆಸರು ತುಂಬಬೇಕು. ಗುರುತು ತಾಯಿಯ ಹೆಸರಿನಿಂದ. ಬಟ್ಟಲುಗಳಲ್ಲೂ ಇದೇ ರೂಢಿ. ಎರಡೂ ಗುಂಪಿನವರು ಕೂಡಿ ಕೂತು ನೋಡಬೇಕಾದ ಎಳೆ ಇದು.

ಇವನ್ನು ‘ಮೂಢನಂಬಿಕೆ’ಯ ಕಪಾಟಿಗೆ ಸೇರಿಸಿದ್ದರಿಂದ ಆದ ನಷ್ಟ ದೊಡ್ಡದು. ಬರೆಯುತ್ತಿದ್ದವರಲ್ಲಿ ಪಾದ್ರಿಗಳೂ ಅವರ ಕೈಕೆಳಗಿನ ಡೀಕನ್‌ಗಳೂ ಇದ್ದರು. 1913ರಲ್ಲಿ ಬ್ರಿಟಿಷ್ ವಿದ್ವಾಂಸ ಬಡ್ಜ್ ಪ್ರಕಟಿಸಿದ ಸಿರಿಯಾಕ್ ವೈದ್ಯಗ್ರಂಥದಲ್ಲಿ ಗ್ರೀಕ್ ವೈದ್ಯ, ಜ್ಯೋತಿಷ್ಯ, ನಾಟಿ ಮದ್ದು ಮೂರೂ ಒಂದೇ ರಟ್ಟಿನೊಳಗಿವೆ.

1991ರ ಕೊಲ್ಲಿ ಯುದ್ಧದ ನಂತರ ಇರಾಕಿನಲ್ಲಿ ನಡೆದ ಲೂಟಿಯಿಂದ ಮಾರುಕಟ್ಟೆಗೆ ಬಟ್ಟಲುಗಳು ಹರಿದುಬಂದವು. ಓದಲು ಪಠ್ಯ ಹೆಚ್ಚಿತು, ಸಿಕ್ಕ ಜಾಗದ ವಿವರ ಹೋಯಿತು. ಒಂದೇ ಮನೆಯಲ್ಲಿ ಸಿರಿಯಾಕ್ ಬಟ್ಟಲಿನ ಪಕ್ಕ ಯಹೂದಿ ಲಿಪಿಯದೂ ಇತ್ತೇ ಎಂದು ಅಂಥ ಬಟ್ಟಲನ್ನು ಎಷ್ಟು ಓದಿದರೂ ಗೊತ್ತಾಗುವುದಿಲ್ಲ.